ಎರಡು ಮುಚ್ಚಿದ ಭಟ್ಟಿಗಳು

ವಿಸ್ಕಿಯ ವಿಷಯ ಬರೆಯುತ್ತಿದ್ದೇನೆ ಎಂದಾಗ ನಮ್ಮ ಯಜಮಾನರು ಪೇಪರನ್ನು ಕೆಳಗಿಳಿಸಿ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು. "ನಿವೃತ್ತಿಗೆ ಮೊದಲು ಹೆಸರು ಕೆಡಿಸಿಕೊಳ್ಳಬೇಕು ಅಂತ ಇದೆಯೇನು?" ಎಂದರು. ಅವರ ಮಾತಿನಲ್ಲೂ ಅರ್ಥವಿದೆ. ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಸಂಧಿ, ಸಮಾಸ, ಗಾದೆಯ ವಿಸ್ತರಣೆ ಹೇಳಿಕೊಡುತ್ತ, ಕೆಮ್ಮಿನ ಔಷಧವನ್ನೂ ಚಮಚದಲ್ಲಿ ಅಳೆದು ಕುಡಿಯುವ ಹೆಂಗಸು ಸ್ಕಾಟ್ಲೆಂಡಿನ ಮದ್ಯದ ಬಗ್ಗೆ ಏನು ಬರೆದಾಳು? ಆದರೆ ನನ್ನನ್ನು ಬಹಳ ದಿನ ಕಾಡಿದ ಒಂದು ಪ್ರಶ್ನೆ ಮತ್ತೆ ಎದುರಾದದ್ದು ಒಂದು ಪುಟ್ಟ ಶೀಸೆಯಲ್ಲಿ. ನಾವೇ ಬೇಡವೆಂದು ಮುಚ್ಚಿಸಿದ ಒಂದರ ಬಗ್ಗೆ ಆಮೇಲೆ ಮರುಗುವ ಹಕ್ಕು ನಮಗಿದೆಯೇ ಎಂಬುದು ಆ ಪ್ರಶ್ನೆ.

ಮಗ ಗ್ಲಾಸ್ಗೋ ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಈಚೆಗೆ ದೀಪಾವಳಿಗೆ ಬಂದವನು ಕಾಲುಚೀಲದೊಳಗೆ ಸುತ್ತಿಟ್ಟಿದ್ದ ಒಂದು ಗಾಜಿನ ಶೀಸೆ ತೆಗೆದು ಊಟದ ಮೇಜಿನ ಮೇಲಿಟ್ಟ. ಕಣ್ಣಿಗೆ ಹಾಕುವ ಔಷಧದ ಶೀಸೆಗಿಂತ ಸ್ವಲ್ಪ ದೊಡ್ಡದು. ಒಳಗೆ ಎರಡು ಚಮಚದಷ್ಟು, ಹಳೆಯ ತುಪ್ಪದ ಬಣ್ಣದ ದ್ರವ. ನಾಲ್ವರು ಗೆಳೆಯರು ದುಡ್ಡು ಕೂಡಿಸಿ ಎಲ್ಲೋ ಕೊಂಡು ಹಂಚಿಕೊಂಡದ್ದರಲ್ಲಿ ಅವನ ಪಾಲಿನದಂತೆ.

"ಆಯಿ, ಕುಡಿ ಅಂತ ಹೇಳೂದಿಲ್ಲ. ಒಮ್ಮೆ ಮೂಸಿ ನೋಡು. ಇದನ್ನು ಮಾಡಿದ ಭಟ್ಟಿ 1983ರಲ್ಲಿ ಮುಚ್ಚಿತ್ತು" ಎಂದ.

1983 ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಆಗ ನನಗೆ ಹದಿಮೂರು ವರ್ಷ. ನಾವು ಸೂಪಾ ಬಿಡುವ ದಿನಗಳವು.

ಶೀಸೆಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಮೊದಲು ಹೊಗೆ. ಅಡಿಗೆಮನೆಯ ಹೊಗೆಯಲ್ಲ, ಆರಿದ ಮೇಲೆ ಬೂದಿಯಲ್ಲಿ ಉಳಿಯುತ್ತದಲ್ಲ, ಆ ತಣ್ಣನೆಯ ಹೊಗೆ. ಅದರ ಹಿಂದೆ ಹಳೆಯ ದವಾಖಾನೆಯ ಟಿಂಚರಿನಂತಹ ಒಂದು ಘಾಟು, ದೋಣಿಯ ಹಗ್ಗದ ಉಪ್ಪುವಾಸನೆ, ಇನ್ನೂ ಹಿಂದೆ, ಯಾರೋ ಪಕ್ಕದ ಕೋಣೆಯಲ್ಲಿ ನಿಂಬೆಹಣ್ಣಿನ ಸಿಪ್ಪೆ ಹಿಚುಕಿದಂತೆ. ಮಗ ನನ್ನ ಮುಖವನ್ನೇ ನೋಡುತ್ತಿದ್ದ. "ಸಮುದ್ರ ನೆನಪಾಯ್ತೇನು?" ಎಂದು ಕೇಳಿದ. ನನಗೆ ನೆನಪಾದದ್ದು ಸಮುದ್ರವಲ್ಲ. ಆದರೆ ಅದನ್ನು ಅವನಿಗೆ ಆಗ ಹೇಳಲಿಲ್ಲ.

ಆ ಭಟ್ಟಿಯ ಹೆಸರು ಪೋರ್ಟ್ ಎಲೆನ್. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಎಂಬ ದ್ವೀಪವಿದೆ. ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚು ಜನ, ಗಾಳಿ, ಮಳೆ, ಕುರಿ, ಮತ್ತು ಕೈಬೆರಳುಗಳಲ್ಲಿ ಎಣಿಸುವಷ್ಟು ವಿಸ್ಕಿಯ ಭಟ್ಟಿಗಳು. 1821ರಲ್ಲಿ ಅಲ್ಲಿಯ ಜಮೀನುದಾರ ಒಂದು ಬಂದರಿನ ಊರು ಕಟ್ಟಿಸಿ ತನ್ನ ಹೆಂಡತಿಯ ಹೆಸರಿಟ್ಟನಂತೆ. ನಾಲ್ಕು ವರ್ಷ ಕಳೆದ ಮೇಲೆ, 1825ರಲ್ಲಿ, ಅಲ್ಲಿ ಭಟ್ಟಿ ಹುಟ್ಟಿತು. ಶುರು ಮಾಡಿದವನು ಬೇಗನೇ ದಿವಾಳಿಯಾದ. ಆಮೇಲೆ ಅದನ್ನು ಹಿಡಿದು ನಿಲ್ಲಿಸಿದವನು ಜಾನ್ ರಾಮ್ಸೆ. ಇವನು ದೊಡ್ಡ ಜಮೀನುದಾರನೂ ಪಾರ್ಲಿಮೆಂಟಿನ ಸದಸ್ಯನೂ ಆದ. ತನ್ನ ಜಮೀನಿನ ಬಡ ಒಕ್ಕಲುಗಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿದವನೂ ಅವನೇ. ಅದು ಉಪಕಾರವೋ ಒಕ್ಕಲೆಬ್ಬಿಸುವಿಕೆಯೋ ಎಂದು ಇವತ್ತಿಗೂ ಎರಡು ಮಾತಿದೆ. ಆದರೆ 1870ರಲ್ಲಿ ಅವನೇ ಕೆನಡಾಕ್ಕೆ ಹೋಗಿ, ಹೋದವರು ಹೇಗಿದ್ದಾರೆಂದು ಕಣ್ಣಾರೆ ನೋಡಿಬಂದನಂತೆ. ಇದೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1892ರಲ್ಲಿ ಅವನು ತೀರಿಕೊಂಡ ಮೇಲೆ ಭಟ್ಟಿ ಅವನ ವಿಧವೆ ಲೂಸಿಯ ಕೈಗೆ ಬಂತು. ಹತ್ತಕ್ಕೂ ಹೆಚ್ಚು ವರ್ಷ ಅದು ಅವಳ ಹೆಸರಿನಲ್ಲಿತ್ತು. ಪಕ್ಕದಲ್ಲೇ ಇರುವ ಲಫ್ರೋಯ್ಗ್ ಎಂಬ ಇನ್ನೊಂದು ಭಟ್ಟಿಗೆ 1934ರಲ್ಲಿ ಬೆಸ್ಸಿ ವಿಲಿಯಮ್ಸನ್ ಎಂಬ ಹುಡುಗಿ ಬೇಸಿಗೆಯ ಟೈಪಿಸ್ಟ್ ಕೆಲಸಕ್ಕೆಂದು ಬಂದು, 1954ರಲ್ಲಿ ಅದರ ಒಡತಿಯೇ ಆದಳು. ಗಂಡಸರ ಚಟ ಎಂದು ನಾವು ಮೂಗು ಮುರಿಯುವ ಕಸುಬಿನಲ್ಲಿ ಹೆಂಗಸರ ಕೈ ಎಷ್ಟಿದೆ ಎನ್ನುವುದಕ್ಕೆ ಇಷ್ಟು ಹೇಳಿದೆ.

ಅಲ್ಲಿಯ ವಿಸ್ಕಿಯ ಹೊಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಆ ದ್ವೀಪದಲ್ಲಿ ಕಟ್ಟಿಗೆ ಕಡಿಮೆ. ಜೌಗುನೆಲದಲ್ಲಿ ಸಾವಿರಾರು ವರ್ಷದಿಂದ ಪೂರ್ತಿ ಕೊಳೆಯದೆ ಒತ್ತಿ ಕುಳಿತ ಪಾಚಿ, ಹುಲ್ಲು, ಬೇರುಗಳ ಕಪ್ಪು ಹೆಂಟೆಯನ್ನು ಕಡಿದು ಒಣಗಿಸಿ ಉರುವಲು ಮಾಡುತ್ತಾರೆ. ಅದಕ್ಕೆ ಪೀಟ್ ಎನ್ನುತ್ತಾರೆ. ಜವೆಗೋಧಿಯನ್ನು ನೆನೆಹಾಕಿ, ನಾವು ಮಡಿಕೆಕಾಳು ಮೊಳಕೆ ಬರಿಸುವಂತೆಯೇ ಮೊಳಕೆ ಬರಿಸಿ, ಪೀಟಿನ ಹೊಗೆಯಲ್ಲಿ ಒಣಗಿಸುವುದು. ಆ ಹೊಗೆ ಕಾಳಿನೊಳಗೆ ಸೇರಿದ್ದು ಹುಳಿ ಬರಿಸಿದರೂ ಹೋಗುವುದಿಲ್ಲ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿದರೂ ಹೋಗುವುದಿಲ್ಲ, ಪೀಪಾಯಿಯಲ್ಲಿ ಮೂವತ್ತು ವರ್ಷ ಮಲಗಿಸಿದರೂ ಪೂರ್ತಿ ಹೋಗುವುದಿಲ್ಲ. ಪೋರ್ಟ್ ಎಲೆನ್ ವಿಸ್ಕಿಯಲ್ಲಿ ಹೊಗೆಯ ಜೊತೆ ಎಣ್ಣೆಯಂತಹ, ಮೇಣದಂತಹ ಒಂದು ನುಣುಪು, ಉಪ್ಪು, ನಿಂಬೆ ಇರುತ್ತವೆ, ಸಿಹಿ ಕಡಿಮೆ, ಎಂದು ಬಲ್ಲವರು ಹೇಳುತ್ತಾರಂತೆ. ನಾನು ಮೂಸಿದ್ದರ ಆಧಾರದ ಮೇಲೆ ಹೌದು ಎನ್ನಬಲ್ಲೆ. ರುಚಿಯ ಸಾಕ್ಷಿ ನನ್ನಲ್ಲಿಲ್ಲ.

ತಮಾಷೆಯೆಂದರೆ ಈ ಭಟ್ಟಿ ನಡೆಯುತ್ತಿದ್ದಾಗ ಅದನ್ನು ಯಾರೂ ದೊಡ್ಡದಾಗಿ ಹೊಗಳಿರಲಿಲ್ಲ. ಅದರ ವಿಸ್ಕಿ ಬಹುತೇಕ ಬೇರೆ ಹೆಸರಿನ ಮಿಶ್ರಣಗಳಿಗೆ ಹೋಗುತ್ತಿತ್ತು, ನಮ್ಮ ಸಾರಿನಲ್ಲಿ ಇಂಗು ಹೋದಂತೆ. 1930ರ ಹೊತ್ತಿಗೆ ಒಮ್ಮೆ ಮುಚ್ಚಿ, 1967ರಲ್ಲಿ ತೆರೆದು, 1983ರ ಮೇ ತಿಂಗಳಲ್ಲಿ ಮತ್ತೆ ಮುಚ್ಚಿತು. ಕಾರಣ ದೊಡ್ಡದೇನಲ್ಲ. ಆ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಗೋದಾಮುಗಳಲ್ಲಿ ಮಾರಾಟವಾಗದ ವಿಸ್ಕಿ ತುಂಬಿಹೋಗಿತ್ತು. ಒಡೆತನದ ಕಂಪನಿ ಅದೇ ವರ್ಷ ಹತ್ತಕ್ಕೂ ಹೆಚ್ಚು ಭಟ್ಟಿ ಮುಚ್ಚಿತು. ಅದೇ ದ್ವೀಪದಲ್ಲಿ ಕಂಪನಿಗೆ ಇನ್ನೆರಡು ಭಟ್ಟಿ ಇದ್ದವು, ಇದು ಬೇಡವೆನಿಸಿತು. ಹಂಡೆಗಳನ್ನು ಬಿಚ್ಚಿದರು. ಪಕ್ಕದಲ್ಲಿ 1973ರಲ್ಲಿ ಕಟ್ಟಿದ, ಜವೆಗೋಧಿಗೆ ಹೊಗೆ ಕೊಡುವ ದೊಡ್ಡ ಕಾರ್ಖಾನೆ ಮಾತ್ರ ನಡೆಯುತ್ತಲೇ ಉಳಿದು ದ್ವೀಪದ ಉಳಿದ ಭಟ್ಟಿಗಳಿಗೆ ಕಾಳು ಕಳಿಸುತ್ತಿತ್ತು. ಅಂದರೆ ಒಲೆ ಆರಿದರೂ ಆ ಊರಿನ ಮೇಲೆ ಹೊಗೆ ಹಾಗೇ ಇತ್ತು.

ಗೋದಾಮಿನ ಪೀಪಾಯಿಗಳು ಮಲಗಿಯೇ ಇದ್ದವು. ವರ್ಷಕ್ಕೆ ನೂರಕ್ಕೆ ಎರಡು ಭಾಗದಷ್ಟು ಮರದ ಮೂಲಕ ಆವಿಯಾಗಿ ಹೋಗುತ್ತದಂತೆ. ಅದನ್ನು ಅಲ್ಲಿಯವರು ದೇವದೂತರ ಪಾಲು ಎನ್ನುತ್ತಾರೆ. ಉಳಿದದ್ದನ್ನು 2001ರಿಂದ ವರ್ಷಕ್ಕೆ ಇಷ್ಟೆಂದು ಶೀಸೆಗೆ ತುಂಬಿ ಮಾರತೊಡಗಿದರು. ಮೊದಲ ವರ್ಷ ನೂರು ಪೌಂಡಿನ ಆಸುಪಾಸು. 2017ರ ಹೊತ್ತಿಗೆ ಮೂರು ಸಾವಿರ ಪೌಂಡು ದಾಟಿತ್ತು. ಇನ್ನು ಹುಟ್ಟುವುದಿಲ್ಲ ಎಂಬುದೇ ಅದರ ಬೆಲೆ. ಅದೇ 2017ರಲ್ಲಿ ಭಟ್ಟಿಯನ್ನು ಮತ್ತೆ ಕಟ್ಟುತ್ತೇವೆಂದು ಕಂಪನಿ ಸಾರಿತು. 2024ರ ಮಾರ್ಚಿಯಲ್ಲಿ ತೆರೆಯಿತು. ಹಳೆಯ ಹಂಡೆಗಳ ಆಕಾರವನ್ನೇ ನೋಡಿ ಹೊಸ ಹಂಡೆ ಮಾಡಿಸಿದ್ದಾರೆ, ಏಕೆಂದರೆ ಹಂಡೆಯ ಕುತ್ತಿಗೆ ಎಷ್ಟು ಉದ್ದ, ಎಲ್ಲಿ ಬಾಗಿದೆ ಎನ್ನುವುದರ ಮೇಲೆ ರುಚಿ ನಿಂತಿದೆ. ತಾಮ್ರ ಬರಿಯ ಪಾತ್ರೆಯಲ್ಲ, ಆವಿಯಲ್ಲಿರುವ ಗಂಧಕದ ಕೆಟ್ಟ ವಾಸನೆಯನ್ನು ಅದು ಹೀರಿಕೊಳ್ಳುತ್ತದೆ.

ತಾಮ್ರದ ಆ ಗುಣ ನನಗೆ ಮಗ ಹೇಳುವ ಮೊದಲೇ ಗೊತ್ತಿತ್ತು. ಹೇಳಿದವಳು ಮಾವಶಿ. ಶೀಸೆ ಮೂಸಿದಾಗ ನನಗೆ ನೆನಪಾದದ್ದು ಅವಳ ಒಲೆ.

ಅದನ್ನು ಹೇಳಬೇಕಾದರೆ ಸೂಪಾದಿಂದ ಶುರುಮಾಡಬೇಕು. ಕಾಳಿ ಮತ್ತು ಪಾಂಢರಿ ಹೊಳೆ ಕೂಡುವಲ್ಲಿ ಸೂಪಾ ಎಂಬ ಪೇಟೆ ಇತ್ತು. ತಾಲೂಕಿಗೆ ಅದೇ ಹೆಸರು. ಈಗ ಅಲ್ಲಿ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನೀರು ನಿಂತಿದೆ. ಎಂಬತ್ತರ ದಶಕದಲ್ಲಿ ಊರು ಖಾಲಿಯಾಯಿತು, ಕಚೇರಿಗಳು ಜೋಯಿಡಾಕ್ಕೆ ಹೋದವು, ಬಹಳ ಜನ ರಾಮನಗರಕ್ಕೆ ಹೋದರು. ನಮ್ಮ ಕಾಕಾ ಕೂಡ. ಕಾಕಾ ಮೊದಲಿನಿಂದ ಕುಡುಕನಲ್ಲ. ಗದ್ದೆಯಿದ್ದಾಗ ಹಬ್ಬಕ್ಕೊಮ್ಮೆ ಸಣ್ಣಗೆ ಕುಡಿದು, ಅಂಗಳದಲ್ಲಿ ಕೂತು ಜೋರಾಗಿ ನಗುತ್ತಿದ್ದ, ಅಷ್ಟೆ. ಗದ್ದೆ ನೀರಿಗೆ ಹೋಗಿ ಪರಿಹಾರದ ದುಡ್ಡು ಕೈಗೆ ಬಂತು. ಬೆಳಗಾದರೆ ಮಾಡಲು ಕೆಲಸವಿಲ್ಲ, ಜೇಬಿನಲ್ಲಿ ಹಿಂದೆಂದೂ ನೋಡದಷ್ಟು ನೋಟು, ದಾರಿಯಲ್ಲಿ ಸಾರಾಯಿ ಅಂಗಡಿ. ಐದು ವರ್ಷದಲ್ಲಿ ದುಡ್ಡು ಮುಗಿಯಿತು, ಏಳು ವರ್ಷದಲ್ಲಿ ಕಾಕಾ ಮುಗಿದ. ಕೊನೆಗೆ ಹೊಟ್ಟೆ ಕೊಡದಂತೆ ಉಬ್ಬಿತ್ತು. ಕಾಕು ತನ್ನ ಕಿವಿಯ ಬೆಂಡೋಲೆ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದಳು.

ಆ ಸಿಟ್ಟನ್ನು ಇಟ್ಟುಕೊಂಡೇ ನಾನು ಮಾಸ್ತರಿಕೆಗೆ ಸೇರಿದೆ. ಅದೇ ತಾಲೂಕಿನ ಕಾಡೊಳಗಿನ ಒಂದು ಊರು. ಅಲ್ಲಿ ಊರಾಚೆ, ಹಳ್ಳದ ದಂಡೆಯಲ್ಲಿ, ಮಾವಶಿಯ ಮನೆ. ಗಂಡ ಸತ್ತಿದ್ದ, ಮೂರು ಮಕ್ಕಳು. ಊರಿಗೆಲ್ಲ ಅವಳು ಮಾವಶಿಯೇ. ಮಾರ್ಚಿಯಿಂದ ಮೇವರೆಗೆ ಅವಳು ಗೇರುಹಣ್ಣಿನ ಸಾರಾಯಿ ಇಳಿಸುತ್ತಿದ್ದಳು. ನಮ್ಮ ಭಾಷೆಯಲ್ಲಿ ಅದು ಕಳ್ಳಭಟ್ಟಿ.

ನಾನು ಅವಳ ಮನೆಯ ಹಿತ್ತಿಲಲ್ಲಿ ಅದನ್ನು ಒಮ್ಮೆ ನೋಡಿದ್ದೇನೆ. ಅವಳ ಹಿರಿಯ ಮಗಳು ನನ್ನ ಎಂಟನೇ ತರಗತಿಯಲ್ಲಿದ್ದಳು. ಮೂರು ದಿನ ಶಾಲೆಗೆ ಬರಲಿಲ್ಲವೆಂದು ವಿಚಾರಿಸಲು ಹೋಗಿದ್ದೆ. ಹಣ್ಣಿನ ಕಾಲವಾದ್ದರಿಂದ ಹುಡುಗಿ ಗೇರುಹಣ್ಣು ಆರಿಸುತ್ತಿದ್ದಳು. ಮರ ತಾನಾಗಿ ಬಿಟ್ಟ ಹಣ್ಣೇ ಆಗಬೇಕು, ಕಿತ್ತದ್ದು ಒಗರು, ಎಂದಳು ಮಾವಶಿ. ಹಣ್ಣನ್ನು ಕಲ್ಲಿನ ದೋಣಿಯಲ್ಲಿ ತುಳಿದು ರಸ ಸೋಸಿ, ಮಣ್ಣಿನ ಹರವಿಯಲ್ಲಿ ಮೂರು ದಿನ ಇಟ್ಟರೆ ತಾನಾಗಿ ಉಕ್ಕಿ ಹುಳಿಯಾಗುತ್ತದೆ. ಬೇರೆ ಹೆಪ್ಪು ಬೇಡ. ಆಮೇಲೆ ತಾಮ್ರದ ಹಂಡೆ, ಬಾಯಿಗೆ ಮಣ್ಣು ಮೆತ್ತಿ, ನಳಿಗೆ ಜೋಡಿಸಿ, ಇನ್ನೊಂದು ಗಡಿಗೆಯ ಮೇಲೆ ತಣ್ಣೀರು ಹೊಯ್ಯುತ್ತ ಕೂರುವುದು. ಮೊದಲ ಸಲ ಇಳಿದದ್ದು ಊರಾಕ್, ಮತ್ತೊಮ್ಮೆ ಇಳಿಸಿದರೆ ಫೆಣಿ. ಎಲ್ಲಕ್ಕಿಂತ ಮೊದಲು ಬರುವ ಒಂದು ಕರಟದಷ್ಟನ್ನು ಅವಳು ಒಲೆಗೆ ಎರಚಿದಳು. ಭಗ್ಗನೆ ನೀಲಿ ಜ್ವಾಲೆ ಎದ್ದಿತು.

"ಅದು ಅಗ್ನಿಗೆ, ಅಕ್ಕೋರೆ. ಅದನ್ನ ಕುಡಿದ್ರ ಕಣ್ಣು ಹೋಗ್ತಾವ" ಎಂದಳು.

ಮುಂದೆ ಕರಟದಲ್ಲಿ ಹಿಡಿದು, ಮೇಲಿಂದ ಹೊಯ್ದು, ಮೇಲ್ಮೈಯಲ್ಲಿ ಏಳುವ ಗುಳ್ಳೆಗಳನ್ನು ಎಣಿಸುವವಳಂತೆ ನೋಡುತ್ತಿದ್ದಳು. ಗುಳ್ಳೆ ಮಣಿಯಂತೆ ನಿಂತರೆ ಖಡಕ್ಕು, ಒಡೆದರೆ ಸಪ್ಪೆ. ಕಟ್ಟಿಗೆಯನ್ನು ಬೆರಳಿನಿಂದ ಒಂದು ಅಂಗುಲ ಹಿಂದೆ ಎಳೆಯುತ್ತಿದ್ದಳು, ಮುಂದೆ ತಳ್ಳುತ್ತಿದ್ದಳು. ತಗಡಿನ ಹಂಡೆಯಲ್ಲಿ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ, ತಾಮ್ರ ಕೆಟ್ಟ ವಾಸನೆ ತಿಂದುಬಿಡುತ್ತದೆ, ಎಂದಳು. ಹಿತ್ತಿಲ ತುಂಬ ಹೊಗೆ, ಹುಳಿ, ಮತ್ತು ಏನೋ ಒಂದು ಹಣ್ಣಿನ ಸಿಪ್ಪೆಯ ಪರಿಮಳ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಿಂತಿದ್ದೆ. ಆದರೂ ಅದು ಒಳಗೆ ಹೋಗಿತ್ತೆಂದು ಈ ದೀಪಾವಳಿಯ ದಿನ ಗೊತ್ತಾಯಿತು.

1999ರ ಬೇಸಿಗೆಯ ಹೊತ್ತಿಗೆ ಒಂದು ಸಂಜೆ ನಾಲ್ಕು ಹೆಂಗಸರು ನನ್ನ ಬಾಡಿಗೆ ಮನೆಗೆ ಬಂದರು. ಒಬ್ಬಳ ಕಣ್ಣಿನ ಕೆಳಗೆ ನೀಲಿಗಟ್ಟಿತ್ತು.

"ಅಕ್ಕೋರೆ, ನಮಗ ಬರಿಯಾಕ ಬರೂದಿಲ್ಲ. ಒಂದು ಅರ್ಜಿ ಬರೆದು ಕೊಡ್ರಿ" ಎಂದರು.

ನನಗೆ ಆಗ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರ ಕತೆ ಬಾಯಿಪಾಠವಾಗಿತ್ತು. ಸಾಕ್ಷರತೆಯ ತರಗತಿಯಲ್ಲಿ ಓದಿದ ಒಂದು ಪಾಠದಿಂದ ಎದ್ದು ಅವರು 1992ರಲ್ಲಿ ಊರ ಸಾರಾಯಿ ಅಂಗಡಿ ಮುಚ್ಚಿಸಿದ್ದರು. ಅದು ರಾಜ್ಯಕ್ಕೆಲ್ಲ ಹಬ್ಬಿ 1993ರಲ್ಲಿ ಅಲ್ಲಿ ಸಾರಾಯಿಯೇ ನಿಷೇಧವಾಯಿತು. ಅಕ್ಷರಕ್ಕೆ ಅಷ್ಟು ಶಕ್ತಿಯಿದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದವಳು. ಲಾಟೀನಿನ ಮುಂದೆ ಕೂತು ಎರಡು ಪುಟ ಬರೆದೆ. ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ. ಬರೆಯುವಾಗ ನನ್ನ ಕಣ್ಣೆದುರು ಕಾಕಾನ ಹೊಟ್ಟೆಯಿತ್ತು. ಅರ್ಜಿಯಲ್ಲಿ ಎರಡು ಹೆಸರು: ಮೊದಲನೆಯದು ಕ್ರಾಸಿನಲ್ಲಿದ್ದ ಸಾರಾಯಿ ಅಂಗಡಿ, ಎರಡನೆಯದು ಮಾವಶಿಯ ಭಟ್ಟಿ. ಹೆಂಗಸರು ಹೆಬ್ಬೆಟ್ಟು ಒತ್ತಿದರು.

ಎಂಟು ದಿನಕ್ಕೆ ಜೀಪು ಬಂತು. ಮಾವಶಿಯ ಹರವಿಗಳನ್ನು ಒಡೆದರು, ಹಂಡೆಯ ತಳಕ್ಕೆ ಹಾರೆಯಿಂದ ಹೊಡೆದು ತೂತು ಮಾಡಿ ಜೀಪಿಗೆ ಹಾಕಿಕೊಂಡು ಹೋದರು. ಕ್ರಾಸಿನ ಅಂಗಡಿಯ ಹತ್ತಿರ ಜೀಪು ನಿಂತದ್ದು ಚಹಾಕ್ಕೆ. ಅಂಗಡಿಗೆ ಹರಾಜಿನಲ್ಲಿ ಹಿಡಿದ ಲೈಸನ್ಸಿತ್ತು. ಅಲ್ಲಿ ಮಾರುತ್ತಿದ್ದುದು ಕೊಟ್ಟೆ ಸಾರಾಯಿ. ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ತುಂಬಿದ್ದು. ಅದಕ್ಕೆ ಊರಿಲ್ಲ, ಹಣ್ಣಿಲ್ಲ, ಹೊಗೆಯಿಲ್ಲ. ನಮ್ಮ ಕಾಕಾ ಕುಡಿದದ್ದು ಅಂಥದನ್ನೇ, ಮಾವಶಿ ಇಳಿಸಿದಂಥದ್ದನ್ನಲ್ಲ. ಆ ನಾಲ್ಕು ಹೆಂಗಸರ ಗಂಡಂದಿರಲ್ಲಿ ಮೂವರು ಕುಡಿಯುತ್ತಿದ್ದುದೂ ಅದನ್ನೇ. ವರ್ಷವಿಡೀ ಸಿಗುವುದು ಅದು, ಉದ್ದರಿ ಕೊಡುವುದು ಆ ಅಂಗಡಿ.

ಮಾವಶಿಯ ಮಗಳು ಆಮೇಲೆ ಶಾಲೆಗೆ ಬರಲಿಲ್ಲ. ಬಡತನ, ಎಂದುಕೊಂಡೆ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಆ ಮನೆ ಶಾಲೆಯಿಂದ ಅರ್ಧ ಮೈಲಿ. ನಾನು ಹೋಗಲಿಲ್ಲ. ಮರುವರ್ಷ ನನಗೆ ವರ್ಗವಾಯಿತು.

ಸಾರಾಯಿ ಅಂಗಡಿ ಮುಚ್ಚಿದ್ದು ಕರ್ನಾಟಕದಲ್ಲೆಲ್ಲ ಮುಚ್ಚಿದಾಗ, 2007ರ ಜುಲೈ 1ರಂದು. ಆ ದಿನ ನಾನು ಕಾಕುವಿಗೆ ಫೋನು ಮಾಡಿದ್ದೆ. ಅವಳು "ಹೌದೇನು?" ಎಂದು ಸುಮ್ಮನಾದಳು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಊರುಗಳಲ್ಲಿ ಕೊಟ್ಟೆ ಹೋಗಿ ಕಡಿಮೆ ದರದ ವಿಸ್ಕಿಯ ಚಿಕ್ಕ ಡಬ್ಬಿಗಳು ಬಂದವು. ಹಾಗೆಂದು ಸಾರಾಯಿ ಮುಚ್ಚಬಾರದಿತ್ತು ಎಂದು ನಾನು ಹೇಳುವವಳಲ್ಲ. ಕುಡಿತದ ಸೊಗಸು ಹೇಳುವವರು ಒಮ್ಮೆ ತಿಂಗಳ ಕೊನೆಯ ವಾರ ಕುಡುಕನ ಮನೆಯ ಅಕ್ಕಿಡಬ್ಬಿ ತೆರೆದು ನೋಡಲಿ. ಮಾವಶಿಯ ಫೆಣಿ ಕುಡಿದವನೂ ಹೆಂಡತಿಗೆ ಹೊಡೆಯುತ್ತಿದ್ದ, ಬೇಸಿಗೆಯ ಮೂರು ತಿಂಗಳಾದರೂ ಹೊಡೆಯುತ್ತಿದ್ದ. ಕೈಕಸುಬು ಚಂದವಾಗಿದೆ ಎಂದು ಪೆಟ್ಟು ಹಗುರಾಗುವುದಿಲ್ಲ.

ಆದರೂ ಈ ಕಥೆಯಲ್ಲಿ ನನಗೆ ಬಿಡಿಸಲಾಗದ ಗಂಟುಗಳಿವೆ. ನಮ್ಮ ತಾಲೂಕಿನ ಗಡಿ ಅನಮೋಡ. ಘಾಟು ಇಳಿದರೆ ಗೋವಾ. ಗೇರುಮರ ಎರಡೂ ಕಡೆ ಒಂದೇ. ಪೋರ್ತುಗೀಜರು ಬ್ರೆಜಿಲಿನಿಂದ ತಂದ ಬೀಜ. ಸೂಪಾ ಮುಂಬಯಿ ಪ್ರಾಂತದಲ್ಲಿದ್ದಾಗ, 1949ರ ಪಾನನಿರೋಧ ಕಾಯದೆಯ ಮೇಲೆ ಇಲ್ಲಿ ಒಂದು ಹನಿಯೂ ಅಪರಾಧ, ಪೋರ್ತುಗೀಜರ ಗೋವಾದಲ್ಲಿ ಧಾರಾಳ. ಈಗಲೂ ಹೆಚ್ಚು ಬದಲಾಗಿಲ್ಲ. ಅಲ್ಲಿಯ ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, 2016ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪರಂಪರೆಯ ಪೇಯ ಎಂದು ಸಾರಿತು. ಮಾವಶಿ ಇಪ್ಪತ್ತು ಮೂವತ್ತು ಮೈಲಿ ಪಶ್ಚಿಮಕ್ಕೆ ಹುಟ್ಟಿದ್ದರೆ ಪರಂಪರೆ, ಇಲ್ಲಿ ಹುಟ್ಟಿದ್ದರಿಂದ ಪಂಚನಾಮೆ. ಪಾಪ ಎನ್ನುವುದು ಘಾಟು ಇಳಿಯುವಾಗ ಎಲ್ಲಿ ಬಿದ್ದುಹೋಗುತ್ತದೆ?

ಮಗ ಹೇಳಿದ ಪ್ರಕಾರ ಸ್ಕಾಟ್ಲೆಂಡಿನಲ್ಲೂ ಮೊದಲು ನಡೆದದ್ದು ಕಳ್ಳಭಟ್ಟಿಯೇ. ಗುಡ್ಡದ ಸಂದಿಗಳಲ್ಲಿ, ಗುಹೆಗಳಲ್ಲಿ. 1823ರಲ್ಲಿ ಸುಂಕ ಇಳಿಸಿ, ವರ್ಷಕ್ಕೆ ಹತ್ತು ಪೌಂಡಿಗೆ ಲೈಸನ್ಸು ಎಂಬ ಕಾಯದೆ ಬಂತು. ಪೋರ್ಟ್ ಎಲೆನ್ ಹುಟ್ಟಿದ್ದು ಅದರ ಬೆನ್ನಿಗೇ. ಕಳ್ಳರೆನಿಸಿಕೊಂಡವರ ಕಸುಬು ಹೀಗೆ ಸಾಹುಕಾರರದಾಯಿತು. ಆದರೆ ನಲವತ್ತು ಗ್ಯಾಲನ್ನಿಗಿಂತ ಸಣ್ಣ ಹಂಡೆಗೆ ಆ ಕಾಯದೆಯಲ್ಲೂ ಜಾಗವಿರಲಿಲ್ಲ. ಲೆಕ್ಕ ಹಾಕಿ ನೋಡಿದೆ. ಸುಮಾರು 180 ಲೀಟರು. ಮಾವಶಿಯ ಹಂಡೆ ಅದರ ಅರ್ಧವೂ ಇರಲಿಲ್ಲ. ಅಲ್ಲಿ ಹುಟ್ಟಿದ್ದರೂ ಅವಳಿಗೆ ಜೀಪೇ ಗತಿ. ಆಗಿನ ಕಾಲಕ್ಕೆ ಕುದುರೆ.

ಪೋರ್ಟ್ ಎಲೆನ್ ಮುಚ್ಚಿದವರು ಲೆಕ್ಕದ ಪುಸ್ತಕ ನೋಡಿ ಮುಚ್ಚಿದರು, ಮರುಗಿದವರು ಮರುಗಿದರು, ಮರುಕಕ್ಕೆ ಬೆಲೆ ಬಂತು, ಬೆಲೆ ಬಂದದ್ದರಿಂದ ಮತ್ತೆ ತೆರೆದರು. ನಮ್ಮಲ್ಲಿ ಮುಚ್ಚಿದ್ದು ನೋವಿನಿಂದ. ನ್ಯಾಯ ನಮ್ಮ ಕಡೆಗಿತ್ತು. ಹಾಗಿದ್ದ ಮೇಲೆ ಆ ಹಂಡೆಯ ತೂತು ನನ್ನ ಕನಸಿನಲ್ಲಿ ಯಾಕೆ ಬರಬೇಕು ಎಂದು ಬಹಳ ಯೋಚಿಸಿದ್ದೇನೆ. ಅರ್ಜಿ ಬರೆದದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಕಣ್ಣಿನ ಕೆಳಗೆ ನೀಲಿಗಟ್ಟಿದವಳು ಮತ್ತೆ ಬಂದರೆ ಮತ್ತೆ ಬರೆದುಕೊಟ್ಟೇನು. ಆದರೆ ಎರಡನೆಯ ಹೆಸರು ಬರೆಯುವ ಮುನ್ನ ಅರ್ಧ ಮೈಲಿ ನಡೆದು ಹೋಗಿ, ಮಾವಶಿ, ಇದನ್ನು ಬಿಟ್ಟರೆ ನಿನಗೆ ಬೇರೆ ಏನಾದರೂ ದಾರಿ ಇದೆಯೇ ಎಂದು ಕೇಳಬಹುದಿತ್ತು. ಜೀಪು ಹೋದ ಮೇಲಾದರೂ ಹೋಗಬಹುದಿತ್ತು. ಆ ಜಮೀನುದಾರ ರಾಮ್ಸೆ ಒಳ್ಳೆಯವನೋ ಕೆಟ್ಟವನೋ ನಾನರಿಯೆ, ಆದರೆ ತಾನು ಸಾಗಹಾಕಿದವರನ್ನು ನೋಡಲು ಸಮುದ್ರ ದಾಟಿ ಹೋಗಿದ್ದ. ನನಗೆ ಒಂದು ಹಳ್ಳ ದಾಟಲಾಗಲಿಲ್ಲ. ಹೆದರಿಕೆಯೇ ಅಂದರೆ ಅಲ್ಲ. ನಾನು ಸರಿ ಎಂಬ ನೆಮ್ಮದಿ ಇತ್ತಲ್ಲ, ಅದು ಕಾಲು ಎತ್ತಗೊಡಲಿಲ್ಲ.

2019ರಲ್ಲಿ ರಾಮನಗರದಲ್ಲಿ ನಂಟರ ಮದುವೆ. ಊಟದ ಪಂಕ್ತಿಯಲ್ಲಿ ಒಬ್ಬಳು ಹೆಂಗಸು ಬಂದು ಕಾಲು ಮುಟ್ಟಿದಳು. ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ಮಾವಶಿಯ ಮಗಳು. ಘಾಟಿನ ಕೆಳಗೆ ಮದುವೆ ಮಾಡಿಕೊಟ್ಟಿದ್ದರಂತೆ. ಗಂಡನ ಮನೆಯವರದು ಗೇರಿನ ಭಟ್ಟಿ. "ಲೈಸನ್ಸ್ ಅದ ಅಕ್ಕೋರೆ" ಎಂದು ತಾನಾಗಿಯೇ ಹೇಳಿ ನಕ್ಕಳು. ಬೇಸಿಗೆಯಲ್ಲಿ ಪ್ರವಾಸಿಗಳು ನೋಡಲು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಗುಳ್ಳೆ ನೋಡುವುದನ್ನು ಇವಳೇ ತೋರಿಸುತ್ತಾಳಂತೆ. ಮಾವಶಿ ಹೋಗಿ ನಾಲ್ಕು ವರ್ಷವಾಗಿತ್ತು.

"ಆಮ್ಯಾಲ ನೀನು ಶಾಲೆಗೆ ಬರಲೇ ಇಲ್ಲ" ಎಂದೆ. ಕೇಳಬಾರದಿತ್ತು.

ಅವಳು ಬಾಳೆಲೆಯ ಅಂಚನ್ನು ಬೆರಳಿನಿಂದ ಸೀಳುತ್ತ ಕೂತಳು. "ಅವತ್ತು ಬಂದವರ ಕೈಯಾಗ ಕಾಗದ ಇತ್ರಿ. ಆಯಿಗೆ ಓದಾಕ ಬರೂದಿಲ್ಲ. ನೀ ಓದಿ ಹೇಳು ಅಂತ ನನಗ ಕೊಟ್ರು. ನಿಮ್ಮ ಅಕ್ಷರ ನನಗ ಗುರುತು ಸಿಗೂದಿಲ್ಲೇನ್ರಿ? ದಿನಾ ಬೋರ್ಡಿನ ಮ್ಯಾಲ ನೋಡತಿದ್ದೆ."

ಪೂರ್ತಿ ಓದಿದೆಯಾ ಎಂದು ಕೇಳಿದೆ. ಪೂರ್ತಿ ಓದಿದಳಂತೆ, ಎರಡೂ ಪುಟ. ಅಕ್ಕೋರು ಬರೆದದ್ದು ಎಂದೂ ತಾಯಿಗೆ ಹೇಳಿದಳಂತೆ.

"ಆಯಿ ಏನಂದಳು?"

"ಏನೂ ಅನಲಿಲ್ರಿ. ಅಕ್ಷರ ಛಲೋ ಅದಾವೇನು ಅಂತ ಕೇಳಿದ್ಲು. ಅದಾವ ಅಂದೆ."

ಬಡಿಸುವವರು ಹೋಳಿಗೆ ತಂದರು. ಅವಳು ನನ್ನ ಎಲೆಗೆ ಎರಡು ಹಾಕಿಸಿದಳು.

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ದೀಪಾವಳಿಯ ಪಾಡ್ಯದ ರಾತ್ರಿ ಮಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಆ ಶೀಸೆ ನೀನೇ ಇಟ್ಟುಕೋ ಆಯಿ, ಎಂದ. ಬೇಡವೆನ್ನಲಿಲ್ಲ. ಅದು ಈಗ ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ಜಾಯಿಕಾಯಿ ಡಬ್ಬಿಯ ಹಿಂದೆ ಇದೆ. ಯಜಮಾನರು ಕಂಡೂ ಕಾಣದ ಹಾಗೆ ಇದ್ದಾರೆ. ಮುಚ್ಚಳ ಸರಿಯಾಗಿ ಬಿಗಿಯದಿದ್ದರೆ ಅದೂ ಆವಿಯಾಗಿ ಹೋಗುತ್ತದೆಂದು ಮಗ ಫೋನಿನಲ್ಲಿ ಎರಡು ಸಲ ಎಚ್ಚರಿಸಿದ್ದಾನೆ.

ಮಾರ್ಚಿಯಲ್ಲಿ ಗೇರು ಶುರುವಾಗುತ್ತದೆ. ಅನಮೋಡದ ಮೇಲೆ ಹೋಗುವ ಬಸ್ಸಿನ ವೇಳೆ ವಿಚಾರಿಸಿ ಇಟ್ಟಿದ್ದೇನೆ. ಶಾಲೆಗೆ ಎರಡು ದಿನ ರಜೆ ಹಾಕಬೇಕು. ಶೀಸೆಯನ್ನು ಅವಳ ಮೂಗಿಗೆ ಹಿಡಿದು ಇದರಲ್ಲಿ ಏನೇನಿದೆ ಎಂದು ಕೇಳಬೇಕಾಗಿದೆ. ಅವಳು ಮಾವಶಿಯ ಮಗಳು, ನನಗಿಂತ ಹೆಚ್ಚು ಹೇಳಿಯಾಳು.